ವಿಮಾನ ಕಂಪನಿಯ ಗೌರವ ಶ್ರೇಣಿ: ಬೆನ್ನಟ್ಟುವುದು ಲಾಭವೆ?

ಪದೇ ಪದೇ ವಿಮಾನದಲ್ಲಿ ಸಂಚರಿಸುವವರಲ್ಲಿ ಒಂದು ವಿಚಿತ್ರವಾದ ಅಭ್ಯಾಸ ಕಂಡುಬರುವುದುಂಟು. ವರ್ಷವು ಮುಗಿಯಲು ಕೆಲವು ವಾರಗಳಿರುವಾಗ ಅವರು ತಮಗೆ ಯಾವ ಕೆಲಸವೂ ಇಲ್ಲದ ಊರಿಗೆ ಟಿಕೆಟ್ ಕೊಂಡು ಹಾರಿಹೋಗುವರು. ಅಲ್ಲಿನ ನಿಲ್ದಾಣದಲ್ಲಿಯೇ ಕೆಲವು ಗಂಟೆ ಕುಳಿತು, ಮುಂದಿನ ವಿಮಾನದಲ್ಲಿ ಹಿಂದಿರುಗುವರು. ಊರನ್ನು ನೋಡುವುದು ಅವರ ಉದ್ದೇಶವಲ್ಲ. ವಿಮಾನ ಕಂಪನಿಯು ತನ್ನ ನಿತ್ಯದ ಗಿರಾಕಿಗಳಿಗೆ ಕೊಡುವ ಬೆಳ್ಳಿ, ಚಿನ್ನ, ಪ್ಲಾಟಿನಂ ಮೊದಲಾದ ಹೆಸರಿನ ಗೌರವ ಶ್ರೇಣಿಯನ್ನು ತಲಪಲು ಬೇಕಾಗುವ ಲೆಕ್ಕವನ್ನು ತುಂಬಿಕೊಳ್ಳುವುದೇ ಆ ಪ್ರಯಾಣದ ಉದ್ದೇಶ. ಹೀಗೆ ಹಣವನ್ನೂ ಕಾಲವನ್ನೂ ವೆಚ್ಚಮಾಡಿ ಶ್ರೇಣಿಯನ್ನು ಗಳಿಸುವುದು ಲಾಭಕರವೆ? ಹಿಂದೆ ಲಾಭಕರವಾಗಿದ್ದರೆ ಇಂದಿಗೂ ಹಾಗೆಯೇ ಉಳಿದಿದೆಯೆ? ಈ ಪ್ರಶ್ನೆಗೆ ಪ್ರೌಢಶಾಲೆಯ ಬೀಜಗಣಿತವೊಂದೇ ಸಾಕಷ್ಟು ಉತ್ತರವನ್ನು ಕೊಡಬಲ್ಲುದು.

ಉಡುಪಿ ಜಿಲ್ಲೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಕಾಪು, ಕಾರ್ಕಳಗಳ ಅನೇಕ ಮನೆಗಳಿಂದ ಒಬ್ಬರಾದರೂ ಮುಂಬಯಿಯಲ್ಲಿಯೊ ದುಬೈ, ಮಸ್ಕತ್, ಕುವೈತ್‌ಗಳಲ್ಲಿಯೊ ದುಡಿಯುತ್ತಿರುವುದುಂಟು. ಮಣಿಪಾಲದ ವಿದ್ಯಾಲಯಗಳಿಗೆ ದೇಶದ ಎಲ್ಲ ಮೂಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಇವರೆಲ್ಲರಿಗೂ ಹತ್ತಿರದ ವಿಮಾನ ನಿಲ್ದಾಣವೆಂದರೆ ಮಂಗಳೂರಿನದು. ಉಡುಪಿಯಿಂದ ಅದು ಸುಮಾರು 60 ಕಿಲೋಮೀಟರ್ ದೂರ. 1951ರ ಡಿಸೆಂಬರ್ 25ರಂದು ಆ ನಿಲ್ದಾಣ ಆರಂಭವಾದಾಗ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು. 2006ರಲ್ಲಿ ಅಲ್ಲಿಂದ ದುಬೈಗೆ ನೇರ ಹಾರಾಟ ಆರಂಭವಾಯಿತು. ಅಂದಿನಿಂದ ಕರಾವಳಿಯ ಸಾಮಾನ್ಯ ಕುಟುಂಬಗಳಿಗೂ ವಿಮಾನಯಾನವು ರೂಢಿಯ ವಿಷಯವಾಗಿಬಿಟ್ಟಿದೆ.

ಯೋಜನೆಯ ಹುಟ್ಟು

ಅಮೆರಿಕದಲ್ಲಿ 1978ರವರೆಗೆ ದೇಶದೊಳಗಿನ ವಿಮಾನಗಳ ದರವನ್ನೂ ಮಾರ್ಗಗಳನ್ನೂ ಸರಕಾರವೇ ನಿಯಂತ್ರಿಸುತ್ತಿದ್ದಿತು. ಆ ವರ್ಷ ನಿಯಂತ್ರಣವನ್ನು ಸಡಿಲಿಸುವ ಕಾಯಿದೆ ಬಂದಿತು. ಕಂಪನಿಗಳ ನಡುವೆ ತೀವ್ರವಾದ ಪೈಪೋಟಿ ಹುಟ್ಟಿತು. ಒಂದೇ ಊರಿಗೆ ನಾಲ್ಕು ಕಂಪನಿಗಳು ಹಾರಾಡುವಾಗ ಪ್ರಯಾಣಿಕನು ತಮ್ಮಲ್ಲಿಗೇ ಮರಳಿ ಬರುವಂತೆ ಮಾಡುವುದು ಹೇಗೆ? 1981ರ ಮೇ ತಿಂಗಳಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಪ್ರಯಾಣಿಕರು ಹಾರಿದ ಮೈಲಿಗಳನ್ನು ಅವರವರ ಹೆಸರಿನಲ್ಲಿ ಬರೆದಿಟ್ಟು, ಸಾಕಷ್ಟು ಮೈಲಿಗಳಾದಾಗ ಪುಕ್ಕಟೆ ಟಿಕೆಟ್ ಕೊಡುವ ಯೋಜನೆಯನ್ನು ಹೂಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ದಾರಿಯನ್ನು ಹಿಡಿಯಿತು.

ಭಾರತದಲ್ಲಿ 1953ರಲ್ಲಿ ವಿಮಾನ ಸಾರಿಗೆಯನ್ನು ರಾಷ್ಟ್ರೀಕರಣ ಮಾಡಲಾಗಿದ್ದುದರಿಂದ ಬಹುಕಾಲ ಇಂಥ ಪೈಪೋಟಿಗೆ ಎಡೆಯಿರಲಿಲ್ಲ. 1990ರ ದಶಕದಲ್ಲಿ ಖಾಸಗಿ ಕಂಪನಿಗಳು ಬಂದ ಮೇಲೆ ನಿಷ್ಠಾ ಯೋಜನೆಗಳೂ ಬೆಳೆದುವು. ಜೆಟ್ ಏರ್‌ವೇಸ್‌ನ ಜೆಟ್ ಪ್ರಿವಿಲೇಜ್, ಕಿಂಗ್‌ಫಿಷರ್‌ನ ಕಿಂಗ್ ಕ್ಲಬ್, ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಇವು ಅಂಥವು. 2006ರಲ್ಲಿ ಹಾರಾಟವನ್ನು ಆರಂಭಿಸಿದ ಇಂಡಿಗೊ ಸಂಸ್ಥೆಯು 2024ರಲ್ಲಿ ಬ್ಲೂಚಿಪ್ ಎಂಬ ಯೋಜನೆಯನ್ನು ತಂದಿತು.

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಬೆರಸಬಾರದು. ಒಂದು, ಅಂಕಗಳು, ಇವು ಕೂಡಿಟ್ಟು ಮುಂದೆ ಟಿಕೆಟ್ಟಿಗೆ ಬದಲಾಯಿಸಿಕೊಳ್ಳಬಹುದಾದ ಒಂದು ಬಗೆಯ ನಾಣ್ಯ. ಇನ್ನೊಂದು, ಶ್ರೇಣಿ, ಇದನ್ನು ಖರ್ಚುಮಾಡಲಾಗದು. ಒಂದು ಗೊತ್ತಾದ ಅವಧಿಯಲ್ಲಿ ಗೊತ್ತಾದ ಮಿತಿಯನ್ನು ದಾಟಿದವನಿಗೆ ಮುಂದಿನ ಅವಧಿಗೆ ಕೆಲವು ಸೌಕರ್ಯಗಳು ದೊರೆಯುವುವು: ಸಾಲಿನಲ್ಲಿ ಆದ್ಯತೆ, ಹೆಚ್ಚು ಸಾಮಾನು, ವಿಶ್ರಾಂತಿ ಕೊಠಡಿ, ಬೇಕಾದ ಆಸನ, ಒಮ್ಮೊಮ್ಮೆ ಮೇಲಿನ ದರ್ಜೆ. ಅಂಕಗಳು ಒಂದೊಂದಾಗಿ ಏರುವುವು. ಶ್ರೇಣಿಯಾದರೊ ಮೆಟ್ಟಿಲಿನಂತೆ ಒಮ್ಮೆಗೇ ಏರುವುದು. ಮಿತಿಯು 30 ಹಾರಾಟಗಳಾಗಿದ್ದರೆ 29 ಹಾರಾಟಗಳನ್ನು ಮಾಡಿದವನಿಗೂ ಒಂದೇ ಹಾರಾಟವನ್ನು ಮಾಡಿದವನಿಗೂ ಶ್ರೇಣಿಯ ಮಟ್ಟಿಗೆ ಭೇದವೇ ಇಲ್ಲ. ಕೆಲಸವಿಲ್ಲದ ಪ್ರಯಾಣಕ್ಕೆ ಪ್ರೇರಣೆ ಹುಟ್ಟುವುದು ಈ ಮೆಟ್ಟಿಲಿನಿಂದಲೇ.

ಒಂದು ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಂಖ್ಯೆಗಳು ಕೇವಲ ಕಲ್ಪಿತ. ಓದುಗರು ತಮ್ಮ ತಮ್ಮ ಸಂಖ್ಯೆಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು. ಉಡುಪಿಯ ವ್ಯಾಪಾರಿಯೊಬ್ಬನು ಮಂಗಳೂರಿನಿಂದ ಮುಂಬಯಿಗೆ ಆಗಾಗ ಹೋಗಿಬರುತ್ತಾನೆ. ಶ್ರೇಣಿಗೆ ವರ್ಷಕ್ಕೆ 30 ಹಾರಾಟಗಳು ಬೇಕು. ಟಿಕೆಟ್ಟಿನ ಬೆಲೆ ಒಂದು ಹಾರಾಟಕ್ಕೆ 4,500 ರೂಪಾಯಿ. ಇದರೊಡನೆ ಉಡುಪಿಯಿಂದ ನಿಲ್ದಾಣಕ್ಕೆ ರಸ್ತೆಯ ಖರ್ಚು, ಊಟ ಉಪಹಾರ ಇತ್ಯಾದಿಗಳಿಗೆ ಹಾರಾಟವೊಂದಕ್ಕೆ 1,000 ರೂಪಾಯಿ. ಆದುದರಿಂದ ಹೆಚ್ಚುವರಿ ಹಾರಾಟವೊಂದರ ವೆಚ್ಚ 5,500 ರೂಪಾಯಿ. ನಿಲ್ದಾಣದ ಪಕ್ಕದಲ್ಲಿಯೇ ವಾಸಿಸುವ ಮಹಾನಗರದವನಿಗಿಂತ ಉಡುಪಿಯವನಿಗೆ ಈ ವೆಚ್ಚ ಸ್ವಲ್ಪ ಹೆಚ್ಚೆಂಬುದನ್ನು ಗಮನಿಸಬೇಕು.

ಇನ್ನು ಶ್ರೇಣಿಯಿಂದ ದೊರೆಯುವ ಪ್ರಯೋಜನದ ಬೆಲೆ ಎಷ್ಟು? ಇಲ್ಲಿಯೇ ಬಹಳ ಮಂದಿ ಎಡವುವರು. ವಿಶ್ರಾಂತಿ ಕೊಠಡಿಯ ಪ್ರವೇಶದರ 1,500 ರೂಪಾಯಿ ಎಂದು ಬರೆದಿದ್ದರೆ ಅವರು ಪ್ರತಿ ಹಾರಾಟಕ್ಕೂ 1,500 ರೂಪಾಯಿಯ ಲಾಭವೆಂದು ಎಣಿಸುವರು. ಆದರೆ ಶ್ರೇಣಿ ಇಲ್ಲದಿದ್ದರೆ ಅವರು ಅಷ್ಟು ಹಣ ತೆತ್ತು ಆ ಕೊಠಡಿಯನ್ನು ಹೊಗುತ್ತಿದ್ದರೆ? ಇಲ್ಲವಾದರೆ ಅವರಿಗೆ ಉಳಿತಾಯವಾದುದು ಒಂದು ಊಟದ ಬೆಲೆ ಮಾತ್ರ. ಬ್ಯಾಂಕಿನ ಕಾರ್ಡೊಂದು ಅದೇ ಕೊಠಡಿಗೆ ಮೊದಲೇ ಪ್ರವೇಶವನ್ನು ಕೊಟ್ಟಿದ್ದರೆ ಲಾಭವು ಸೊನ್ನೆ. ಹೆಚ್ಚು ಸಾಮಾನಿನ ಸೌಕರ್ಯವೂ ಹಾಗೆಯೇ. ಕೈಚೀಲವೊಂದನ್ನೇ ಹಿಡಿದು ಹೋಗುವವನಿಗೆ ಅದರಿಂದ ಫಲವಿಲ್ಲ. ಈ ಎಲ್ಲ ಕಡಿತಗಳನ್ನೂ ಮಾಡಿದ ಮೇಲೆ ನಮ್ಮ ವ್ಯಾಪಾರಿಗೆ ಪ್ರತಿ ಹಾರಾಟದಲ್ಲಿ ನಿಜವಾಗಿ 600 ರೂಪಾಯಿಯ ಪ್ರಯೋಜನವಾಗುವುದೆಂದು ಇಟ್ಟುಕೊಳ್ಳೋಣ. ಮುಂದಿನ ವರ್ಷವೂ ಅವನು ಈ ವರ್ಷದಷ್ಟೇ ಪ್ರಯಾಣಮಾಡುವನೆಂದು ಭಾವಿಸೋಣ.

ಅವನು ಈಗಾಗಲೇ 26 ಹಾರಾಟಗಳನ್ನು ಮಾಡಿದ್ದರೆ ಇನ್ನು ನಾಲ್ಕು ಬೇಕು. ವೆಚ್ಚ 22,000 ರೂಪಾಯಿ. ಮುಂದಿನ ವರ್ಷದ ಪ್ರಯೋಜನ 26ನ್ನು 600ರಿಂದ ಗುಣಿಸಿದರೆ 15,600 ರೂಪಾಯಿ. ನಷ್ಟ 6,400 ರೂಪಾಯಿ. ಅವನು 28 ಹಾರಾಟಗಳನ್ನು ಮಾಡಿದ್ದರೆ ಎರಡು ಸಾಕು. ವೆಚ್ಚ 11,000, ಪ್ರಯೋಜನ 16,800, ಲಾಭ 5,800 ರೂಪಾಯಿ. 27 ಆಗಿದ್ದರೆ? ಮೂರು ಹಾರಾಟಗಳ ವೆಚ್ಚ 16,500, ಪ್ರಯೋಜನ 16,200, ಸ್ವಲ್ಪವೇ ನಷ್ಟ. ಆದರೆ ಹೋದವನು ಮನೆಗೆ ಮರಳಲೇಬೇಕಲ್ಲವೆ? ಹಾರಾಟಗಳು ಜೋಡಿಜೋಡಿಯಾಗಿ ಬರುವುದರಿಂದ ಮೂರರ ಬದಲು ನಾಲ್ಕನ್ನು ಮಾಡಬೇಕಾಗಿ ನಷ್ಟವು 5,800 ರೂಪಾಯಿಗೆ ಏರುವುದು.

ಇದನ್ನು ಸೂತ್ರರೂಪವಾಗಿಯೂ ಹೇಳಬಹುದು. ಮಿತಿಯನ್ನು ಹೆಚ್ಚುವರಿ ಹಾರಾಟದ ವೆಚ್ಚದಿಂದ ಗುಣಿಸಿ, ಬಂದ ಲಬ್ಧವನ್ನು ಆ ವೆಚ್ಚ ಮತ್ತು ಪ್ರತಿ ಹಾರಾಟದ ಪ್ರಯೋಜನ ಇವೆರಡರ ಮೊತ್ತದಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ 30 × 5,500 ÷ 6,100. ಅಂದರೆ 27ಕ್ಕಿಂತ ತುಸು ಹೆಚ್ಚು. ಸ್ವಂತ ಕೆಲಸದ ಹಾರಾಟಗಳು ಈ ಸಂಖ್ಯೆಯನ್ನು ಮೀರಿದ್ದರೆ ಮಾತ್ರ ಬೆನ್ನಟ್ಟುವುದು ಸಾರ್ಥಕ. ಇದರಿಂದ ಒಂದು ಸ್ವಾರಸ್ಯವಾದ ಸಂಗತಿ ವಿದಿತವಾಗುತ್ತದೆ. 30ನ್ನು ಮುಟ್ಟಿದವನಿಗೆ ಬೆನ್ನಟ್ಟುವ ಅವಶ್ಯಕತೆಯೇ ಇಲ್ಲ. 27ರವರೆಗೆ ಇರುವವನಿಗೆ ಅದು ನಷ್ಟ. ನಡುವೆ ಉಳಿಯುವ ಕಿಟಕಿ ಬಹಳ ಕಿರಿದು. ಶ್ರೇಣಿಯಿಂದ ಹೆಚ್ಚು ಪ್ರಯೋಜನ ಪಡೆಯಬಲ್ಲವರಿಗೆ ಅದು ತಾನಾಗಿಯೇ ದೊರೆಯುವುದು. ಅದನ್ನು ಶ್ರಮಪಟ್ಟು ಗಳಿಸಬೇಕಾದವರಿಗೆ ಅದರಿಂದ ಪ್ರಯೋಜನ ಕಡಮೆ.

ಅಳತೆಗೋಲು ಬದಲಾದುದು

ಹಾಗಾದರೆ ಹಿಂದೆ ಅನೇಕರು ಇದರಲ್ಲಿ ಲಾಭಗಳಿಸಿದುದು ಹೇಗೆ? ಹಿಂದಿನ ಯೋಜನೆಗಳಲ್ಲಿ ಶ್ರೇಣಿಯನ್ನು ಹಾರಿದ ದೂರದಿಂದ ಅಳೆಯುತ್ತಿದ್ದರು. ಆದರೆ ವಿಮಾನದ ದರವು ದೂರಕ್ಕೆ ಅನುಪಾತವಾಗಿ ಏರುವುದಿಲ್ಲ. ಮಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು 715 ಕಿಲೋಮೀಟರ್. ದೆಹಲಿಗೆ ಸುಮಾರು 1,750. ಮುಂಬಯಿಗೆ 4,500 ರೂಪಾಯಿ ತೆತ್ತರೆ ಕಿಲೋಮೀಟರಿಗೆ 6 ರೂಪಾಯಿ 30 ಪೈಸೆಯಷ್ಟಾಗುವುದು. ರಿಯಾಯತಿಯ ದಿನಗಳಲ್ಲಿ ದೆಹಲಿಗೆ 5,250 ರೂಪಾಯಿಗೆ ಟಿಕೆಟ್ ಸಿಕ್ಕಿತೆನ್ನೋಣ. ಆಗ ಕಿಲೋಮೀಟರಿಗೆ 3 ರೂಪಾಯಿ ಮಾತ್ರ. ಅಗ್ಗದ ದೂರದ ಟಿಕೆಟ್ಟನ್ನು ಹುಡುಕಬಲ್ಲ ಜಾಣನು ಅರ್ಧ ಬೆಲೆಗೆ ಅದೇ ಶ್ರೇಣಿಯನ್ನು ಕೊಳ್ಳುತ್ತಿದ್ದನು. ಸನ್ನೆಕೋಲು ಸ್ವಲ್ಪ ಬಲದಿಂದ ಹೆಚ್ಚು ಭಾರವನ್ನು ಎತ್ತುವಂತೆ ಇದು ಸ್ವಲ್ಪ ಹಣದಿಂದ ಹೆಚ್ಚು ಲೆಕ್ಕವನ್ನು ಏರಿಸುತ್ತಿದ್ದಿತು.

ಕಂಪನಿಗಳೂ ಲೆಕ್ಕವನ್ನು ಬಲ್ಲವು. ಅಗ್ಗದ ಟಿಕೆಟ್ಟಿನಲ್ಲಿ ದೂರ ಹಾರುವವನಿಗಿಂತ ದುಬಾರಿ ಟಿಕೆಟ್ಟಿನಲ್ಲಿ ಹತ್ತಿರಕ್ಕೆ ಹಾರುವವನೇ ತಮಗೆ ಲಾಭದಾಯಕನೆಂದು ಅರಿತು, ಅವು ಅಳತೆಗೋಲನ್ನು ಬದಲಾಯಿಸಿದುವು. ಅಮೆರಿಕದ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು 2015ರಲ್ಲಿಯೇ ಅಂಕಗಳನ್ನು ಟಿಕೆಟ್ಟಿನ ಬೆಲೆಗೆ ಅನುಗುಣವಾಗಿ ಕೊಡತೊಡಗಿದುವು. 2024ರಿಂದ ಡೆಲ್ಟಾ ಶ್ರೇಣಿಗೂ ಖರ್ಚನ್ನೇ ಏಕಮಾತ್ರ ಅಳತೆಯನ್ನಾಗಿ ಮಾಡಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ಅರ್ಹ ಖರ್ಚಿನ ಪ್ರತಿ ಪೌಂಡಿಗೆ ಒಂದು ಅಂಕವೆಂದು ನಿಗದಿಮಾಡಿ, ಚಿನ್ನದ ಶ್ರೇಣಿಗೆ 20,000 ಅಂಕಗಳ ಮಿತಿಯನ್ನಿಟ್ಟಿತು. ನಮ್ಮ ಏರ್ ಇಂಡಿಯಾ ಕೂಡ 2024ರ ಏಪ್ರಿಲ್‌ನಲ್ಲಿ ದೂರದ ಲೆಕ್ಕವನ್ನು ಬಿಟ್ಟು ರೂಪಾಯಿಯ ಲೆಕ್ಕಕ್ಕೆ ಬಂದಿತು. ಆ ಯೋಜನೆಯ ಈಗಿನ ಹೆಸರು ಮಹಾರಾಜ ಕ್ಲಬ್.

ಈ ಬದಲಾವಣೆಯಿಂದ ಸನ್ನೆಕೋಲು ಮುರಿಯಿತು. ಮಿತಿಗೆ 40,000 ರೂಪಾಯಿ ಕಡಮೆಯಾಗಿದ್ದರೆ ಅದನ್ನು ತುಂಬಲು 40,000 ರೂಪಾಯಿಯನ್ನೇ ಖರ್ಚುಮಾಡಬೇಕು; ತೆರಿಗೆಯ ಭಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದಕ್ಕಿಂತಲೂ ಹೆಚ್ಚು. ಅಗ್ಗದ ಟಿಕೆಟ್ಟನ್ನು ಹುಡುಕುವ ಜಾಣ್ಮೆಗೆ ಈಗ ಫಲವೇ ಇಲ್ಲ. ಟಿಕೆಟ್ಟು ಅಗ್ಗವಾದಷ್ಟೂ ಲೆಕ್ಕವು ಏರುವುದು ನಿಧಾನ.

ಮನಸ್ಸಿನ ಸೆಳೆತ

ಲೆಕ್ಕವು ಇಷ್ಟು ಸ್ಪಷ್ಟವಾಗಿದ್ದರೂ ಜನರು ಬೆನ್ನಟ್ಟುವುದನ್ನು ಬಿಡರೇಕೆ? ಇದಕ್ಕೆ ಮನಶ್ಶಾಸ್ತ್ರವು ಉತ್ತರ ಹೇಳುವುದು. ಚಕ್ರವ್ಯೂಹದಂತಹ ದಾರಿಯಲ್ಲಿ ಓಡುವ ಇಲಿಯು ಆಹಾರವಿರುವ ಕೊನೆಯನ್ನು ಸಮೀಪಿಸಿದಂತೆ ವೇಗವನ್ನು ಹೆಚ್ಚಿಸುವುದೆಂಬುದನ್ನು ಅಮೆರಿಕದ ಕ್ಲಾರ್ಕ್ ಹಲ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿ ವಿವರಿಸಿದನು. ಮನುಷ್ಯನ ಸ್ವಭಾವವೂ ಇದಕ್ಕೆ ಹೊರತಲ್ಲ. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಎಂಬವರು ಪ್ರಕಟಿಸಿದ ಒಂದು ಪ್ರಯೋಗವು ಗಮನಾರ್ಹವಾಗಿದೆ. ಕಾರು ತೊಳೆಯುವ ಅಂಗಡಿಯೊಂದರಲ್ಲಿ 300 ಗಿರಾಕಿಗಳಿಗೆ ಕಾರ್ಡುಗಳನ್ನು ಹಂಚಿದರು. ಅರ್ಧದಷ್ಟು ಮಂದಿಗೆ ಎಂಟು ಮುದ್ರೆಗಳಾದರೆ ಒಂದು ಸಲ ಪುಕ್ಕಟೆ ಎಂದರು. ಉಳಿದವರಿಗೆ ಹತ್ತು ಮುದ್ರೆಗಳು ಬೇಕೆಂದು ಹೇಳಿ, ಎರಡನ್ನು ಮೊದಲೇ ಒತ್ತಿಕೊಟ್ಟರು. ಇಬ್ಬರೂ ಗಳಿಸಬೇಕಾದುದು ಎಂಟನ್ನೇ. ಆದರೂ ಮೊದಲ ಗುಂಪಿನಲ್ಲಿ ಶೇಕಡ 19 ಮಂದಿ ಮಾತ್ರ ಕಾರ್ಡನ್ನು ಪೂರ್ತಿಮಾಡಿದರೆ, ಎರಡನೆಯ ಗುಂಪಿನಲ್ಲಿ ಶೇಕಡ 34 ಮಂದಿ ಪೂರ್ತಿಮಾಡಿದರು. ಸ್ವಲ್ಪ ದಾರಿ ಆಗಲೇ ಬಂದಾಯಿತೆಂಬ ಭಾವನೆಯೇ ಅವರನ್ನು ಮುಂದಕ್ಕೆ ತಳ್ಳಿತು. ‘ಇನ್ನು ನಾಲ್ಕೇ ಹಾರಾಟ’ ಎಂದು ಕಂಪನಿಯು ಕಳುಹುವ ಸಂದೇಶದ ಬಲವು ಇದೇ.

ಇದರೊಡನೆ ಕಣ್ಣಿಗೆ ಕಾಣದ ವೆಚ್ಚವೊಂದಿದೆ. ಶ್ರೇಣಿಯ ಆಸೆಯಿಂದ ಪ್ರತಿ ಸಲವೂ ಒಂದೇ ಕಂಪನಿಯಲ್ಲಿ, ಬೇರೆ ಕಂಪನಿಗಿಂತ 800 ರೂಪಾಯಿ ಹೆಚ್ಚು ತೆತ್ತು ಪ್ರಯಾಣ ಮಾಡಿದವನು 28 ಹಾರಾಟಗಳಲ್ಲಿ 22,400 ರೂಪಾಯಿಯನ್ನು ಕಳೆದುಕೊಂಡಿರುತ್ತಾನೆ. ಅವನು ಗಳಿಸುವ ಪ್ರಯೋಜನವೊ 16,800 ರೂಪಾಯಿ.

ವಾಗ್ದಾನದ ಬೆಲೆ

ಉಡುಪಿಯು ಉಳಿತಾಯಕ್ಕೆ ಹೆಸರಾದ ಊರು. 1925ರಲ್ಲಿ ಇಲ್ಲಿ ಸ್ಥಾಪಿತವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತಹ ಸಣ್ಣ ಮೊತ್ತವನ್ನು ಸಂಗ್ರಹಿಸುತ್ತಿದ್ದನು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿದಾರರ ಹಣವು ಹೊಸ ಬ್ಯಾಂಕಿನ ಲೆಕ್ಕಕ್ಕೆ ಹಾಗೆಯೇ ಸಾಗಿತು. ಠೇವಣಿಯು ಕಾನೂನಿನ ರಕ್ಷಣೆಯುಳ್ಳ ಸಾಲ; ಬ್ಯಾಂಕು ಅದನ್ನು ಹಿಂದಿರುಗಿಸಲೇಬೇಕು.

ವಿಮಾನದ ಶ್ರೇಣಿಯು ಹಾಗಲ್ಲ. ಅದರ ನಿಯಮಗಳನ್ನು ಬದಲಾಯಿಸುವ ಹಕ್ಕನ್ನು ಕಂಪನಿಯು ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆ. ಮಂಗಳೂರಿಗೂ ಹಾರುತ್ತಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಆ ಕಂಪನಿಗಳ ಉನ್ನತ ಶ್ರೇಣಿಯ ಕಾರ್ಡು ಹಿಡಿದಿದ್ದವರಿಗೆ ಹತ್ತಲು ವಿಮಾನವೇ ಇಲ್ಲವಾಯಿತು. ಆದುದರಿಂದ ಮುಂದಿನ ವರ್ಷದ ಪ್ರಯೋಜನವನ್ನು ಸಂಭಾವ್ಯತೆಯಿಂದ ಗುಣಿಸಿ ನೋಡುವುದು ವಿವೇಕ. ಸೌಕರ್ಯಗಳು ಈಗಿನಂತೆಯೇ ಉಳಿಯುವ ಸಂಭಾವ್ಯತೆ ಹತ್ತರಲ್ಲಿ ಎಂಟೆಂದು ಎಣಿಸಿದರೆ, ಮೇಲಿನ 16,800 ರೂಪಾಯಿಯು 13,440 ಆಗುವುದು. 11,000 ರೂಪಾಯಿಯ ವೆಚ್ಚವನ್ನು ಕಳೆದರೆ ಉಳಿಯುವ ಲಾಭ 2,440 ರೂಪಾಯಿ. ಇದಕ್ಕಾಗಿ ಒಂದು ಇಡೀ ದಿನವನ್ನು ಪ್ರಯಾಣದಲ್ಲಿ ಕಳೆದುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇಂಧನದ ಲೆಕ್ಕ

ಹಣದ ಲೆಕ್ಕದಲ್ಲಿ ಸೇರದ ಇನ್ನೊಂದು ವೆಚ್ಚವಿದೆ. ವಿಮಾನದ ಇಂಧನವು ಸೀಮೆಎಣ್ಣೆಯ ಜಾತಿಯದು. ಅದರಲ್ಲಿ ಒಂದು ಇಂಗಾಲದ ಪರಮಾಣುವಿಗೆ ಸುಮಾರು ಎರಡು ಜಲಜನಕದ ಪರಮಾಣುಗಳಿರುವುವು. ಇದರ ತೂಕ 14 ಭಾಗವಾದರೆ, ಉರಿದು ಗಾಳಿಯ ಆಮ್ಲಜನಕದೊಡನೆ ಸೇರಿ ಉಂಟಾಗುವ ಇಂಗಾಲದ ಡೈ ಆಕ್ಸೈಡಿನ ತೂಕ 44 ಭಾಗ. ಹೀಗೆ ಒಂದು ಕಿಲೋಗ್ರಾಂ ಇಂಧನದಿಂದ 3 ಕಿಲೋಗ್ರಾಂಗಿಂತ ಹೆಚ್ಚು ಅನಿಲವು ಹುಟ್ಟುವುದು, ರೂಢಿಯಲ್ಲಿ 3.16 ಎಂದು ಹಿಡಿಯುತ್ತಾರೆ. ಮುಂಬಯಿಗೆ ಹೋಗುವಾಗ ಒಬ್ಬ ಪ್ರಯಾಣಿಕನ ಪಾಲಿಗೆ 17 ಕಿಲೋಗ್ರಾಂ ಇಂಧನವೆಂದು ಅಂದಾಜು ಮಾಡಿದರೆ, ಹೋಗಿಬರುವುದಕ್ಕೆ ಸುಮಾರು 107 ಕಿಲೋಗ್ರಾಂ ಅನಿಲವು ವಾತಾವರಣವನ್ನು ಸೇರುವುದು. ‘ನಾನು ಹತ್ತದಿದ್ದರೂ ವಿಮಾನವು ಹಾರುತ್ತಿದ್ದಿತಲ್ಲವೆ?’ ಎಂದು ಕೇಳಬಹುದು. ಒಂದು ದಿನದ ಮಟ್ಟಿಗೆ ಅದು ನಿಜ. ಆದರೆ ಎಷ್ಟು ಹಾರಾಟಗಳನ್ನು ನಡೆಸಬೇಕೆಂಬುದನ್ನು ಕಂಪನಿಯು ನಿರ್ಣಯಿಸುವುದು ಮಾರಾಟವಾದ ಆಸನಗಳ ಸಂಖ್ಯೆಯನ್ನು ನೋಡಿಯೇ. ಅನೇಕರ ವ್ಯರ್ಥ ಪ್ರಯಾಣಗಳು ಸೇರಿ ಒಂದು ಹಾರಾಟವಾಗುವುದು.

ಯಾರಿಗೆ ಲಾಭ?

ಈಗ ನಮ್ಮ ಜಿಲ್ಲೆಯ ಜನರನ್ನು ಕುರಿತು ವಿಚಾರಮಾಡೋಣ. ವರ್ಷಕ್ಕೊಮ್ಮೆ ರಜೆಯಲ್ಲಿ ದುಬೈಯಿಂದ ಕಾಪುವಿಗೆ ಬರುವ ನಾಲ್ಕು ಜನರ ಕುಟುಂಬವು ಒಟ್ಟು ಎಂಟು ಹಾರಾಟಗಳ ಹಣವನ್ನು ತೆರುವುದು. ಆದರೆ ಲೆಕ್ಕವನ್ನು ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರಿನಲ್ಲಿ ಇಡುವುದರಿಂದ ಪ್ರತಿಯೊಬ್ಬರಿಗೂ ಬರುವುದು ಎರಡೇ. ಇವರಿಗೆ ಶ್ರೇಣಿಯು ಕೈಗೆಟುಕದು. ಮುಂಚಿತವಾಗಿ ಟಿಕೆಟ್ ಕೊಳ್ಳುವುದು, ಶಾಲೆಯ ರಜೆಯ ಮೊದಲ ದಿನಗಳ ನೂಕುನುಗ್ಗಲನ್ನು ತಪ್ಪಿಸುವುದು, ಸಾಮಾನಿನ ತೂಕವನ್ನೂ ಸೇರಿಸಿ ದರವನ್ನು ಹೋಲಿಸುವುದು, ಇವುಗಳಿಂದಲೇ ಇವರಿಗೆ ಉಳಿತಾಯ. ಮಣಿಪಾಲದ ವಿದ್ಯಾರ್ಥಿಯು ವರ್ಷಕ್ಕೆ ಎರಡು ಸಲ ದೆಹಲಿಗೆ ಹೋಗಿಬಂದರೆ, ನಡುವೆ ಒಂದೆಡೆ ವಿಮಾನ ಬದಲಾಯಿಸಿದರೂ, ಎಂಟು ಹಾರಾಟಗಳಾದಾವು. ಅವನಿಗೆ ಶ್ರೇಣಿಗಿಂತ ಮೇಲಾದ ದಾರಿಯೊಂದಿದೆ: ಇಂಡಿಗೊ, ಏರ್ ಇಂಡಿಯಾ ಮೊದಲಾದ ಕಂಪನಿಗಳು ವಿದ್ಯಾರ್ಥಿಗಳಿಗೆಂದೇ ರಿಯಾಯತಿಯನ್ನೂ ಹೆಚ್ಚು ಸಾಮಾನಿನ ಅವಕಾಶವನ್ನೂ ಕೊಡುತ್ತವೆ. ಅದಕ್ಕೆ ಬೇಕಾದುದು ಕಾಲೇಜಿನ ಗುರುತಿನ ಚೀಟಿ ಮಾತ್ರ. ಮುಂಬಯಿಗೆ ಹೋಗುವವರಿಗೆ 1998ರಲ್ಲಿ ಪೂರ್ಣವಾದ ಕೊಂಕಣ ರೈಲುಮಾರ್ಗವೂ ಇದೆ. ಉಡುಪಿಯಲ್ಲಿ ರಾತ್ರಿಯ ರೈಲನ್ನು ಹತ್ತುವವನು ಬಜ್ಪೆಯವರೆಗಿನ ರಸ್ತೆಯ ಖರ್ಚನ್ನೂ ಉಳಿಸುವನು.

ಉಳಿದವರು ಕೆಲಸದ ನಿಮಿತ್ತ ತಿಂಗಳಿಗೆ ಎರಡು ಮೂರು ಸಲ ಹಾರಾಡುವ ವೈದ್ಯರು, ಇಂಜಿನಿಯರರು, ವ್ಯಾಪಾರಿಗಳು. ಇವರೂ ವರ್ಷದ ಕೊನೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಿತಿಗೆ ಇನ್ನೆಷ್ಟು ಉಳಿದಿದೆ? ಮುಂದಿನ ವರ್ಷ ನಿಜವಾಗಿ ಎಷ್ಟು ಸಲ ಪ್ರಯಾಣ ಮಾಡುವೆನು? ಆ ಸೌಕರ್ಯಗಳಿಗೆ ಶ್ರೇಣಿ ಇಲ್ಲದಿದ್ದರೆ ನಾನು ಎಷ್ಟು ಹಣವನ್ನು ತೆರುತ್ತಿದ್ದೆನು? ಮಿತಿಗೆ ಒಂದೆರಡು ಹಾರಾಟ ಮಾತ್ರ ಉಳಿದಿದ್ದು, ಜನವರಿಯಲ್ಲಿ ಹೇಗೂ ಮಾಡಬೇಕಾದ ಪ್ರಯಾಣವನ್ನು ಡಿಸೆಂಬರಿಗೆ ತರಲು ಸಾಧ್ಯವಾದರೆ ಅದು ನಿಶ್ಚಯವಾಗಿಯೂ ಲಾಭಕರ. ಏಕೆಂದರೆ ಅಲ್ಲಿ ಹೆಚ್ಚುವರಿ ವೆಚ್ಚವೇ ಇಲ್ಲ. ಆದರೆ ತಮ್ಮ ಕಂಪನಿಯ ವರ್ಷವು ಜನವರಿಯಲ್ಲಿ ಆರಂಭವಾಗುವುದೊ ಏಪ್ರಿಲ್‌ನಲ್ಲಿ ಆರಂಭವಾಗುವುದೊ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎರಡು ಕಂಪನಿಗಳ ದರವೂ ವೇಳೆಯೂ ಸಮನಾಗಿದ್ದಾಗ ಒಂದನ್ನೇ ಆರಿಸುವುದರಲ್ಲಿಯೂ ದೋಷವಿಲ್ಲ.

ಅದಕ್ಕಿಂತ ಮುಂದೆ ಹೋಗಿ, ಶ್ರೇಣಿಗೆಂದೇ ಟಿಕೆಟ್ ಕೊಂಡು ಹಾರುವುದು ಇಂದಿನ ನಿಯಮಗಳಲ್ಲಿ ಬಹುತೇಕರಿಗೆ ನಷ್ಟದ ವ್ಯವಹಾರವೆಂದೇ ಹೇಳಬೇಕಾಗುವುದು. ಮೇಲಿನ ಸೂತ್ರದಲ್ಲಿ ತಮ್ಮ ಸಂಖ್ಯೆಗಳನ್ನು ತುಂಬಲು ಐದು ನಿಮಿಷ ಸಾಕು. ಕಾಲೇಜಿನ ವಿದ್ಯಾರ್ಥಿಗಳು ಮನೆಯಲ್ಲಿ ವಿಮಾನ ಹತ್ತುವ ಹಿರಿಯರಿದ್ದರೆ ಅವರೊಡನೆ ಕುಳಿತು, ಹೊಸ ಟಿಕೆಟ್ ಕೊಳ್ಳುವ ಮುನ್ನ, ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು.